ನಗ್ಗಿದ ಡಬ್ಬಿಗಳು

ಫ್ಯಾಕ್ಟರಿಯಲ್ಲಿ ನನ್ನ ಗಂಡನಿಗೆ ಇಟ್ಟ ಹೆಸರು ಫಳಫಳ. ಯಾರು ಇಟ್ಟರೋ ಗೊತ್ತಿಲ್ಲ, ಆದರೆ ಅಳೆದು ತೂಗಿ ಇಟ್ಟಿದ್ದಾರೆ. ಇವರು ತೊಳೆದ ತಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಮದುವೆಯಾದ ಹೊಸತರಲ್ಲಿ ನಾನು ಗುಡಿಸಿದ ನೆಲವನ್ನೇ ಇವರು ಮತ್ತೆ ಗುಡಿಸುತ್ತಿದ್ದರು. ಮೊದಮೊದಲು ಅದಕ್ಕೆ ಅಳುತ್ತಿದ್ದೆ, ಮುನಿಸಿಕೊಳ್ಳುತ್ತಿದ್ದೆ. ಆಮೇಲೆ ಪೊರಕೆಯನ್ನೇ ಇವರ ಕೈಗೆ ಕೊಟ್ಟು ಕಾಲು ಚಾಚಿ ಕೂತೆ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅಕ್ಕಪಕ್ಕದ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಈಗ ಕೇಳಿದರೆ ಬೇರೆ ಹೇಳುತ್ತೇನೆ. ಯಾವನಾದರೂ ಕೊಳಕನನ್ನು ಕಟ್ಟಿಕೊಂಡಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ಅದು ಐಸ್‌ಕ್ರೀಂ ಫ್ಯಾಕ್ಟರಿ. ಇವರು ಅಲ್ಲಿ ತೊಳೆಯುವವರ ಮೇಸ್ತ್ರಿ. ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಅದೇ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದರು. ಹಾಲು, ಸಕ್ಕರೆ, ತುಂಬಿದ ಡಬ್ಬಿಗಳಿಂದ ಒಂದಿಷ್ಟು ತೆಗೆದು, ಯಂತ್ರ, ನೆಲಗಳನ್ನು ಹತ್ತಿಯಲ್ಲಿ ಒರೆಸಿ ತಂದು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕ್ರಿಮಿ ಏನಾದರೂ ಇದೆಯೇ ಎಂದು ನೋಡುವುದು ಅವರ ಕೆಲಸ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ. ಮದುವೆಯಾಗಲಿಲ್ಲ. ನಮ್ಮ ಬೀದಿಯ ತುದಿಯಲ್ಲೇ ಒಂದು ಕೋಣೆಯಲ್ಲಿದ್ದರು.

ಅತ್ತಿಗೆಗೆ ಒಂದು ವ್ರತವಿತ್ತು. ಖಚಿತವಾಗದೆ ಬಾಯಿ ಬಿಡುತ್ತಿರಲಿಲ್ಲ. ‘ಅತ್ತಿಗೆ, ಹೊರಗೆ ಮಳೆ ಬರ್ತಿದೆಯಾ?’ ಎಂದರೆ ಕಿಟಕಿಯಿಂದ ಕೈ ಚಾಚಿ, ಒದ್ದೆಯಾದ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹಾಗೆ ಕಾಣುತ್ತೆ’ ಎನ್ನುವವರು. ಇದಕ್ಕೆ ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊದಲ ತಟ್ಟೆ ನೋಡಿಯೇ ಅವಸರಪಟ್ಟು ಕ್ರಿಮಿ ಇದೆ ಎಂದು ಕೂಗಿಬಿಟ್ಟಿದ್ದರಂತೆ. ಒಂದು ಇಡೀ ದಿನದ ಮಾಲನ್ನು ಮೋರಿಗೆ ಸುರಿದರು. ಆಮೇಲೆ ನೋಡಿದರೆ ಕ್ರಿಮಿ ಬಂದದ್ದು ಲ್ಯಾಬಿನ ತಟ್ಟೆಯಿಂದಲೇ. ಅಂದಿನಿಂದ ಅವರು ಮೂರನೇ ಪರೀಕ್ಷೆ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದರು. ಲ್ಯಾಬಿನವರಿಗೆಲ್ಲ ಅದೇ ಕಟ್ಟಳೆಯಾಯಿತು.

ಮದುವೆಯಾಗಿ ಬಹಳ ಕಾಲ ಕಾದ ಮೇಲೆ ನನಗೆ ಬಸಿರು ನಿಂತಿತು. ಕಾಯುವುದನ್ನೇ ಬಿಟ್ಟು, ಮಕ್ಕಳ ಮಾತು ಬಂದರೆ ಎದ್ದು ಬೇರೆ ಕೋಣೆಗೆ ಹೋಗುವ ಅಭ್ಯಾಸ ಮಾಡಿಕೊಂಡಿದ್ದ ಹೊತ್ತಿನಲ್ಲಿ ನಿಂತಿತು. ನಾನು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಸುದ್ದಿ ತಿಳಿದ ದಿನ ಇವರು ಅಂಗಡಿಗೇ ಬಂದು, ಬಟ್ಟೆಯ ಥಾನುಗಳ ನಡುವೆ ನಿಂತು, ಗಿರಾಕಿಗಳ ಎದುರಿಗೇ ಗೊಳೋ ಎಂದು ಅತ್ತರು. ಅಂಗಡಿಯ ಯಜಮಾನಿ ಯಾರೋ ಸತ್ತರೆಂದು ತಿಳಿದು ಇವರಿಗೆ ನೀರು ಕೊಟ್ಟಳು.

ಆಮೇಲೆ ಶುರುವಾಯಿತು ವಾಂತಿ. ನೀರು ಕುಡಿದರೂ ವಾಂತಿ, ನೀರಿನ ಮಾತೆತ್ತಿದರೂ ವಾಂತಿ. ಮೂರು ತಿಂಗಳಿಗೆ ನಿಲ್ಲುತ್ತದೆ ಎಂದರು, ನಿಲ್ಲಲಿಲ್ಲ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಐಸ್‌ಕ್ರೀಂ ಒಂದೇ. ಅದಕ್ಕೇನು, ನಮ್ಮ ಮನೆಯಲ್ಲಿ ಕೊರತೆಯಿರಲಿಲ್ಲ. ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರ ಆಗಾಗ ಒಂದೊಂದು ಡಬ್ಬಿಯನ್ನು ನಗ್ಗಿಸಿಬಿಡುತ್ತಿತ್ತು. ಒಳಗಿನ ಮಾಲು ಸರಿಯಾಗಿರುತ್ತಿತ್ತು, ಹೊರಗಿನ ಮೂತಿ ಮಾತ್ರ ಸೊಟ್ಟ. ಅಂಥದ್ದು ಅಂಗಡಿಗೆ ಹೋಗುವಂತಿಲ್ಲ, ಕೆಲಸದವರು ಮನೆಗೆ ಒಯ್ಯಬಹುದು. ಇವರು ಸಂಜೆ ಬಾಗಿಲಲ್ಲಿ ನಿಂತು ಡಬ್ಬಿ ಎತ್ತಿ ತೋರಿಸಿ, ‘ತಗೋ, ಹೊಟ್ಟೆ ತಣ್ಣಗಿರಲಿ’ ಎನ್ನುತ್ತಿದ್ದರು. ನಾನು ಇವರಿಗೆ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಕಿತ್ತುಕೊಳ್ಳುತ್ತಿದ್ದೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಸೊಟ್ಟ ಡಬ್ಬಿಗಳು ಒಂದರ ಮೇಲೊಂದು ಕೂತಿರುತ್ತಿದ್ದವು.

ಒಂದು ದಿನ ಇವರು ಮನೆಯ ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಒಯ್ದುಬಿಟ್ಟರು. ನಾನು ಅದನ್ನು ತರಲು ಫ್ಯಾಕ್ಟರಿಗೆ ಹೋದೆ. ಬಾಗಿಲಿನವನು ತಲೆಗೊಂದು ಟೋಪಿ, ಕಾಲಿಗೊಂದು ಚೀಲ ಕೊಟ್ಟು ಒಳಗೆ ಬಿಟ್ಟ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಮೂಳೆಗೆ ತಾಗುವ ಚಳಿ. ಉದ್ದನೆಯ ಹಜಾರ, ಸ್ಟೀಲಿನ ಕೊಳವೆಗಳು, ಯಾವಾಗಲೂ ಒದ್ದೆಯಾದ ನೆಲ. ಬೆಲ್ಟಿನ ಮೇಲೆ ಬಾಯಿ ತೆರೆದ ಡಬ್ಬಿಗಳು ಸಾಲಾಗಿ ಹೋಗುತ್ತಿದ್ದವು. ಅದರ ಪಕ್ಕದಲ್ಲೇ ನೆಲದಲ್ಲಿ ಮೋರಿ. ಅದರ ಜಾಲರಿ ಕಿತ್ತಿಟ್ಟು, ಮೊಣಕಾಲಿನ ತನಕ ಬೂಟು ಹಾಕಿಕೊಂಡು, ತೋಳಿನಷ್ಟು ದಪ್ಪನೆಯ ಪೈಪು ಹಿಡಿದು ಇವರು ನಿಂತಿದ್ದರು. ನೀರು ಎಷ್ಟು ರಭಸದಿಂದ ಬರುತ್ತಿತ್ತೆಂದರೆ ಪೈಪನ್ನು ಸೊಂಟಕ್ಕೆ ಅವಚಿ ಹಿಡಿದುಕೊಳ್ಳಬೇಕಾಗಿತ್ತು. ಮೋರಿಯ ತಳಕ್ಕೆ ಬಡಿದ ನೀರು ಹೊಗೆಯಾಗಿ ಮೇಲೆದ್ದು, ಹಜಾರದ ತುಂಬ ನಿಂತು, ನಿಧಾನಕ್ಕೆ ಇಳಿಯುತ್ತಿತ್ತು.

ನಿಯಮದ ಪ್ರಕಾರ ಬೆಲ್ಟು ನಿಂತ ಮೇಲೆ, ಯಂತ್ರಗಳಿಗೆಲ್ಲ ಹೊದಿಕೆ ಹಾಕಿ, ಮೋರಿಯನ್ನು ಬ್ರಷ್ಷಿನಿಂದ ಉಜ್ಜಬೇಕು. ಆದರೆ ಇವರಿಗೆ ಬರೀ ಬ್ರಷ್ಷಿನಿಂದ ಉಜ್ಜಿದ ಮೋರಿ ತೊಳೆದ ಮೋರಿಯೇ ಅಲ್ಲ. ಮುಂದಿನ ಪಾಳಿಯವರು ಬರುವ ಹೊತ್ತಿಗೆ ನೆಲ ಕನ್ನಡಿಯಾಗಿರಬೇಕೆಂಬ ಹಟದಿಂದ, ಕೊನೆಯ ಡಬ್ಬಿಗಳು ಇನ್ನೂ ಬೆಲ್ಟಿನ ಮೇಲಿರುವಾಗಲೇ ಪೈಪು ಹಿಡಿಯುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ. ಮ್ಯಾನೇಜರ್ ಬಂದವರನ್ನೆಲ್ಲ ಕರೆದೊಯ್ದು ಇವರ ಮೋರಿಯನ್ನೇ ತೋರಿಸುತ್ತಿದ್ದ.

ನನ್ನನ್ನು ಕಂಡು ಇವರ ಮುಖ ಅರಳಿತು. ‘ನೋಡೇ, ಈ ಮೋರೀಲಿ ಕೂತು ಊಟ ಮಾಡಬಹುದು!’ ಎಂದು ಸದ್ದಿನ ಮೇಲೆ ಕೂಗಿದರು.

‘ಮಾಡಿ, ನಿಮ್ಮನ್ನ ಯಾರು ಬೇಡ ಅಂದ್ರು?’ ಎಂದು ನಾನೂ ಕೂಗಿದೆ.

ಆ ತುಂತುರು ನನ್ನ ಮೇಲೂ ಇಳಿಯಿತು. ಬಿಸಿಲಲ್ಲಿ ಬೆಂದು ಬಂದಿದ್ದೆ, ಹಿತವಾಯಿತು. ಕಣ್ಣು ಮುಚ್ಚಿ ಮುಖ ಒಡ್ಡಿ ನಿಂತೆ. ತುಟಿಯ ಮೇಲೆ ಬಿದ್ದದ್ದನ್ನು ನಾಲಿಗೆಯಿಂದ ಸವರಿಕೊಂಡೆ ಕೂಡ. ಹೊಟ್ಟೆಯೊಳಗೆ ಮಗು ಅದೇ ಮೊದಲ ಸಲ ಸರಿಯಾಗಿ ಒದೆಯಿತು. ನಾನು ಅದನ್ನು ಒಳ್ಳೆಯ ಶಕುನವೆಂದೇ ಎಣಿಸಿದೆ.

ಕೆಲವು ವಾರಗಳು ಕಳೆದವು. ಒಂದು ಸಂಜೆ ಅತ್ತಿಗೆ ಬಂದವರೇ, ಕೂರದೆ, ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜು ತೆರೆದರು. ನಗ್ಗಿದ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ, ತಳದಲ್ಲಿ ಒತ್ತಿದ ಸಂಖ್ಯೆಗಳನ್ನು ಕನ್ನಡಕ ಮೇಲೆತ್ತಿ ಓದಿದರು. ಆಮೇಲೆ ಎಲ್ಲವನ್ನೂ ಚೀಲಕ್ಕೆ ತುಂಬತೊಡಗಿದರು.

‘ಅಯ್ಯೋ, ಏನ್ ಅತ್ತಿಗೆ, ಬಸುರಿ ಬಾಯಿಂದ ಕಿತ್ಕೊಳ್ತೀರಾ?’

‘ಇಷ್ಟೆಲ್ಲಾ ತಿನ್ನಬಾರದು. ಶುಗರ್ ಬರುತ್ತೆ.’

‘ಮೊನ್ನೆ ತಾನೇ ಡಾಕ್ಟ್ರು ನೋಡಿ ಶುಗರ್ ಇಲ್ಲ ಅಂದ್ರಲ್ಲ.’

‘ಬರುತ್ತೆ ಅಂದೆ. ಬಂದಿದೆ ಅನ್ನಲಿಲ್ಲ.’

ಅವರು ನನ್ನ ಮುಖ ನೋಡಲಿಲ್ಲ. ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಖಚಿತವಿಲ್ಲದ ಮಾತನ್ನು ಆಡದ ಹೆಂಗಸು ಇನ್ನೂ ಬಾರದ ಕಾಯಿಲೆಯ ಮಾತಾಡುತ್ತಿದ್ದಾರೆಂದರೆ ಏನೋ ಎಡವಟ್ಟಾಗಿದೆ ಎಂದು ತಿಳಿಯಬೇಕಿತ್ತು. ನಾನು ಮಾತ್ರ ಚೀಲದ ಕಡೆಯೇ ಕಣ್ಣಿಟ್ಟು ಗೊಣಗಿದೆ.

ಊಟದ ಹೊತ್ತಿಗೆ ಇವರೂ ಬಂದರು. ಅತ್ತಿಗೆ ತಟ್ಟೆಯಲ್ಲಿ ಬೆರಳಾಡಿಸುತ್ತ, ‘ನಿನ್ನ ಮೋರಿ ಕಡೆ ಸ್ವಲ್ಪ ಗಮನ ಕೊಡೋ’ ಎಂದರು.

ಇವರು ತುತ್ತು ಕೆಳಗಿಟ್ಟರು. ‘ನನ್ನ ಮೋರೀನಾ? ಏನಾಗಿದೆ ನನ್ನ ಮೋರಿಗೆ?’

‘ಏನೂ ಆಗಿಲ್ಲ. ಗಮನ ಕೊಡು ಅಂದೆ.’

‘ಸುಮ್‌ಸುಮ್ನೆ ಹೇಳ್ತೀಯಾ ನೀನು? ಏನೋ ಸಿಕ್ಕಿದೆ ಅನ್ನು, ಒಪ್ಕೋತೀನಿ.’

‘ಖಚಿತ ಆಗಿಲ್ಲ.’

‘ಖಚಿತ ಆಗದೆ ಇದ್ರೆ ಬಾಯಿ ಬಿಡಬೇಡ ಅಕ್ಕ. ಇಡೀ ಫ್ಯಾಕ್ಟರೀಲಿ ನನ್ನ ನೆಲದಷ್ಟು ಚೊಕ್ಕ ನೆಲ ಇನ್ನೊಂದು ಇಲ್ಲ. ನಿನ್ನ ಲ್ಯಾಬೂ ಅಷ್ಟು ಚೊಕ್ಕ ಇಲ್ಲ.’

ಅತ್ತಿಗೆಯ ಮುಖ ಕಪ್ಪಿಟ್ಟಿತು. ಊಟ ಅರ್ಧಕ್ಕೆ ಬಿಟ್ಟು ಚೀಲ ಎತ್ತಿಕೊಂಡು ಹೋದರು. ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟರು. ಇವರು ಮಾತ್ರ ಅಕ್ಕನ ಮಾತನ್ನು ಮರೆಯಲಿಲ್ಲ. ಮರುದಿನದಿಂದ ಪಾಳಿಯ ಕೊನೆಯಲ್ಲಷ್ಟೇ ಅಲ್ಲ, ನಡುವೆಯೂ ಪೈಪು ಹಿಡಿದರು. ನೀರಿನ ಒತ್ತಡ ಏರಿಸಿದರು. ಮೈಯೆಲ್ಲಾ ತೋಯಿಸಿಕೊಂಡು ಮನೆಗೆ ಬಂದು, ‘ಈಗ ಬಂದು ಹುಡುಕಲಿ, ಏನು ಸಿಗುತ್ತೋ ನೋಡ್ತೀನಿ’ ಎಂದು ಬಟ್ಟೆ ಹಿಂಡುತ್ತಿದ್ದರು. ನನ್ನ ಎದುರಿಗೇ ಹಿಂಡುತ್ತಿದ್ದರು. ನಾನು ನಗುತ್ತಿದ್ದೆ.

ಆ ವಾರದ ಕೊನೆಗೆ ನನಗೆ ಸಣ್ಣಗೆ ಮೈ ಬಿಸಿಯಾಯಿತು. ಸೊಂಟ ನೋವು, ಕೈಕಾಲು ಸೆಳೆತ. ಡಾಕ್ಟರ ಹತ್ತಿರ ಹೋದೆವು. ಆಕೆ ಚಿಕ್ಕ ವಯಸ್ಸಿನವಳು, ಹಸನ್ಮುಖಿ. ಗಂಟಲು ನೋಡಿದಳು, ಹೊಟ್ಟೆ ಮುಟ್ಟಿದಳು, ಮಗುವಿನ ಎದೆಬಡಿತ ನಮಗೂ ಕೇಳಿಸಿದಳು. ‘ಊರಿಗೆಲ್ಲಾ ಇದೇ ಜ್ವರ. ನೀರು ಜಾಸ್ತಿ ಕುಡೀರಿ, ಮಲ್ಕೊಳ್ಳಿ. ನೀವು ಗಟ್ಟಿಗಿತ್ತಿ, ಏನೂ ಆಗಲ್ಲ’ ಎಂದಳು. ಅವಳು ಹೇಳಿದ ಹಾಗೆಯೇ ಆಯಿತು. ಮಲಗಿ ಎದ್ದೆ, ಜ್ವರ ಬಿಟ್ಟಿತು. ನಾಲಿಗೆಗೆ ರುಚಿ ಬಂತು, ವಾಂತಿಯೂ ನಿಂತಿತು. ಬಸಿರು ಶುರುವಾದ ಮೇಲೆ ಅಷ್ಟು ಹಗುರಾಗಿ ನಾನು ಎಂದೂ ಇರಲಿಲ್ಲ. ಅಂಗಡಿಗೆ ಹೋಗಿ ಒಂದು ಮದುವೆಮನೆಯ ಪರದೆಗಳನ್ನೆಲ್ಲ ಒಬ್ಬಳೇ ಹೊಲಿದು ಮುಗಿಸಿದೆ.

ಇವರು ಜ್ವರದ ಸುದ್ದಿಯನ್ನು ಅಕ್ಕನಿಗೆ ಹೇಳಲಿಲ್ಲ. ಮಾತು ಬಿಟ್ಟಿದ್ದರಲ್ಲ. ನಾನೂ ಹೇಳಲಿಲ್ಲ, ಹೇಳುವಂಥದ್ದು ಏನಿತ್ತು?

ಆಮೇಲೊಂದು ಮಧ್ಯಾಹ್ನ ಅತ್ತಿಗೆ ಬಂದರು. ತಮ್ಮ ಇಲ್ಲದ ಹೊತ್ತು ನೋಡಿಯೇ ಬಂದಿದ್ದರು. ಹಣ್ಣು ತಂದಿದ್ದರು, ಅದನ್ನು ನನಗೆ ಕೊಡದೆ ತಾವೇ ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದು, ಸಿಪ್ಪೆ ಸುಲಿಯಲು ಕೂತರು. ಕಣ್ಣಿನ ಕೆಳಗೆ ಕಪ್ಪಗಾಗಿತ್ತು.

‘ಏನ್ ಅತ್ತಿಗೆ, ನಿಮ್ಮ ತಮ್ಮನ ರೋಗ ನಿಮಗೂ ಹತ್ತಿತಾ, ಇಷ್ಟು ತೊಳೀತೀರಿ?’

‘ನಿನ್ನ ಮೈ ಹೇಗಿದೆ ಈಗ?’

‘ನನಗೇನು, ಗುಂಡುಕಲ್ಲು. ನಡುವೆ ಒಂಚೂರು ಜ್ವರ ಬಂದು ಹೋಯ್ತು, ಅಷ್ಟೇ.’

ಚಾಕು ನಿಂತಿತು. ಅರ್ಧ ಸುಲಿದ ಸಿಪ್ಪೆ ಹಣ್ಣಿನಿಂದ ಜೋತಾಡುತ್ತಿತ್ತು.

‘ಯಾವಾಗ?’

‘ಹೋದ ವಾರ. ಬಿಟ್ಟುಹೋಯ್ತಲ್ಲ, ಯಾಕೆ?’

‘ಸೊಂಟ ನೋವಿತ್ತಾ?’

ನಾನು ಹೂಂ ಎಂದೆ. ಅತ್ತಿಗೆ ಹಣ್ಣನ್ನು ತಟ್ಟೆಯಲ್ಲಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತರು. ಆ ಹೆಂಗಸು ಹಾಗೆ ಕೈ ಚೆಲ್ಲಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

‘ಖಚಿತ ಆಗಿಲ್ಲ,’ ಎಂದರು. ‘ಎರಡು ಪರೀಕ್ಷೆ ಆಗಿದೆ, ಮೂರನೇದು ನಾಳೆ ಬರುತ್ತೆ. ಆದ್ರೂ ಹೇಳಿಬಿಡ್ತೀನಿ. ಮೋರೀಲಿ ಒಂದು ಕ್ರಿಮಿ ಇದೆ. ಲಿಸ್ಟೀರಿಯಾ ಅಂತ. ಆಮೇಲೆ ಬೆಲ್ಟಿನ ಮೇಲೂ ಸಿಕ್ತು. ನಿಮ್ಮನೆಯಿಂದ ಒಯ್ದ ಡಬ್ಬೀಲೂ ಸಿಕ್ತು.’

‘ಐಸಲ್ಲಿ ಕ್ರಿಮಿ ಬದುಕುತ್ತಾ?’

‘ಬೇರೆಯವು ಚಳಿಗೆ ಮುದುಡಿ ಕೂರ್ತವೆ. ಇದಕ್ಕೆ ಆ ಒದ್ದೆ ನೆಲದ ಚಳಿ ಅಂದ್ರೆ ತವರುಮನೆ, ಅಲ್ಲಿ ಬೆಳೆಯುತ್ತೆ. ಡಬ್ಬಿಯೊಳಗೆ ಹೆಪ್ಪುಗಟ್ಟಿದರೆ ಬೆಳೆಯಲ್ಲ, ಆದರೆ ಸಾಯೋದೂ ಇಲ್ಲ. ಕಾಯ್ತಾ ಇರುತ್ತೆ.’

‘ನನಗೆ ಜ್ವರ ಬಿಟ್ಟಿದೆ ಅತ್ತಿಗೆ. ನೋಡಿ, ಮುಟ್ಟಿ ನೋಡಿ. ಮೈ ತಣ್ಣಗಿದೆ.’

ಅವರು ಮುಟ್ಟಲಿಲ್ಲ. ತಗ್ಗಿದ ದನಿಯಲ್ಲಿ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಆ ಮಾತುಗಳು ನನಗೆ ಇವತ್ತಿಗೂ ಬಾಯಿಪಾಠ.

‘ನಮ್ಮ ಮೈಯಲ್ಲಿ ಕಾವಲಿನವರು ಇರ್ತಾರೆ. ಹೊರಗಿಂದ ಕ್ರಿಮಿ ಬಂದ್ರೆ ಹಿಡಿದು ನುಂಗಿ, ಒಳಗೊಂದು ಚೀಲಕ್ಕೆ ಹಾಕಿ ಅರಗಿಸಿಬಿಡ್ತಾರೆ. ಇದು ತಪ್ಪಿಸಿಕೊಂಡು ಓಡಲ್ಲ. ನುಂಗಿದರೆ ನುಂಗಿಸಿಕೊಳ್ಳುತ್ತೆ. ಒಳಗೆ ಹೋಗಿ ಆ ಚೀಲ ಹರಿದು, ಕಾವಲಿನವನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತೆ. ಆಮೇಲೆ ಪಕ್ಕದ ಮನೆಗೆ, ಅಂದ್ರೆ ಪಕ್ಕದ ಜೀವಕೋಶಕ್ಕೆ, ಹೋಗಬೇಕಾದ್ರೆ ಬೀದಿಗೆ ಇಳಿಯೋದೇ ಇಲ್ಲ. ಇದ್ದ ಮನೆಯ ತೊಲೆ ಜಂತೆಗಳನ್ನೇ ಕಿತ್ತು ಹಿಂದೆ ಬಾಲ ಕಟ್ಕೊಂಡು, ಅದರ ಬಲದಲ್ಲಿ ಗೋಡೆ ತಳ್ಳಿ ಆ ಕಡೆ ನುಗ್ಗುತ್ತೆ. ಮನೆಯಿಂದ ಮನೆಗೆ, ಗೋಡೆಯಿಂದ ಗೋಡೆಗೆ. ಬೀದೀಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿರೋವ್ರಿಗೆ ಏನೂ ಕಾಣಲ್ಲ.’

‘ನನ್ನ ಮೈ ಸೋತಿಲ್ಲವಲ್ಲ.’

‘ನಿನ್ನ ಮೈ ಗಟ್ಟಿ. ಬಹುಶಃ ನಿನ್ನೊಳಗೆ ಅದನ್ನ ಓಡಿಸಿಯೂ ಆಯ್ತು. ಆದರೆ ಮಗು ಇರೋ ಕಡೆ...’ ಅತ್ತಿಗೆ ಚಾಕುವನ್ನು ತಟ್ಟೆಯ ಅಂಚಿಗೆ ಸರಿಸಿದರು. ‘ಮಗು ಅಂದ್ರೆ ತಾಯಿ ಮೈಗೆ ಅರ್ಧ ಹೊರಗಿನವರು. ಗಂಡನ ಕಡೆಯವರು. ಅದನ್ನ ಹೊರಗಿನದ್ದು ಅಂತ ಹೊಡೆದುಹಾಕಬಾರದು ಅಂತ, ಬಸಿರಲ್ಲಿ ಮೈ ತನ್ನ ಕಾವಲನ್ನ ಅಲ್ಲಿ ತಾನೇ ಸಡಿಲ ಬಿಟ್ಟಿರುತ್ತೆ. ಇದು ಹುಡುಕೋದು ಆ ಜಾಗಾನೇ.’

ನಾನು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡೆ. ಮಗು ಬೆಳಿಗ್ಗೆ ಒದ್ದಿತ್ತೋ ಇಲ್ಲವೋ ನೆನಪಾಗಲಿಲ್ಲ. ಪರದೆ ಹೊಲಿಯುವ ಭರದಲ್ಲಿ ಗಮನಿಸಿಯೇ ಇರಲಿಲ್ಲ. ಒಮ್ಮೆಗೇ ಸಿಟ್ಟು ನೆತ್ತಿಗೇರಿತು.

‘ಶುಗರ್ ಅಂದ್ರಲ್ಲ ಅತ್ತಿಗೆ. ಅವತ್ತು ನನ್ನ ಮುಖಕ್ಕೆ ಶುಗರ್ ಅಂದ್ರಲ್ಲ! ಅವತ್ತೇ ಬಾಯಿಬಿಟ್ಟು ಹೇಳಿದ್ರೆ, ಜ್ವರ ಬಂದ ದಿನಾನೇ ಡಾಕ್ಟ್ರಿಗೆ ಹೇಳ್ತಿದ್ದೆ.’

‘ಹೌದು,’ ಎಂದರು ಅತ್ತಿಗೆ. ಎದ್ದು ನನ್ನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟು, ‘ನಡಿ’ ಎಂದರು.

ಆಸ್ಪತ್ರೆಯಲ್ಲಿ ಅದೇ ಕಿರಿಯ ಡಾಕ್ಟರು. ಮೊದಲು ನಕ್ಕಳು. ಜ್ವರವಿಲ್ಲ, ನೋವಿಲ್ಲ, ನಡೆದುಕೊಂಡು ಬಂದಿದ್ದೀರಿ, ಯಾತಕ್ಕೆ ಮದ್ದು ಕೊಡಲಿ ಎಂದಳು. ಅತ್ತಿಗೆ ಮೇಜಿಗೆ ಎರಡೂ ಕೈ ಊರಿ ನಿಂತು ಕ್ರಿಮಿಯ ಹೆಸರು ಹೇಳಿದರು, ಅದು ಎಲ್ಲೆಲ್ಲಿ ಸಿಕ್ಕಿತೆಂದು ಹೇಳಿದರು. ಡಾಕ್ಟರ ನಗು ಅಲ್ಲೇ ನಿಂತಿತು. ಹೊಟ್ಟೆಗೆ ಯಂತ್ರ ಒತ್ತಿದಳು. ಮಗುವಿನ ಎದೆಬಡಿತ ಕೇಳಿಸಿತು. ಹೋದ ಸಲ ಕೇಳಿದ್ದಕ್ಕಿಂತ ಬಹಳ ವೇಗವಾಗಿತ್ತು, ಯಾರೋ ಅಟ್ಟಿಸಿಕೊಂಡು ಬಂದಾಗ ಮಗು ಓಡುವ ಹಾಗೆ. ನನಗೆ ಅದರ ಅರ್ಥ ತಿಳಿಯಲಿಲ್ಲ. ಡಾಕ್ಟರಿಗೆ ತಿಳಿಯಿತು, ಅವಳು ಬಾಗಿಲಿಗೆ ಹೋಗಿ ನರ್ಸನ್ನು ಕೂಗಿದಳು.

ನನ್ನ ತೋಳಿಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಮದ್ದು ಹನಿಹನಿಯಾಗಿ ಇಳಿಯತೊಡಗಿತು. ಹೊರಗಿನ ಓಣಿಯಲ್ಲಿ ಅತ್ತಿಗೆ ಫೋನಿನಲ್ಲಿ ಮ್ಯಾನೇಜರಿನ ಜೊತೆ ಮಾತಾಡುತ್ತಿದ್ದರು. ಅವರು ದನಿ ಏರಿಸಿದ್ದನ್ನು ನಾನು ಅಂದೇ ಕೇಳಿದ್ದು.

‘ಬೆಲ್ಟು ನಿಲ್ಲಿಸಿ. ಅಂಗಡಿಗೆ ಹೋಗಿರೋದನ್ನೆಲ್ಲಾ ವಾಪಸ್ ತರಿಸಿ. ಇಲ್ಲ, ಮೂರನೇದು ಬಂದಿಲ್ಲ. ನಾನೇ ಹೇಳ್ತಿದ್ದೀನಲ್ಲ! ಇಲ್ಲಿ ನನ್ನ ತಮ್ಮನ ಹೆಂಡ್ತಿ ಮಲಗಿದ್ದಾಳೆ ಕಣ್ರೀ, ಇನ್ನೇನು ಖಚಿತ ಬೇಕು ನಿಮಗೆ?’

ಪಕ್ಕದ ಮಂಚದ ಹೆಂಗಸು ತನ್ನ ದೊಡ್ಡ ಮಗಳಿಗೆ ಏನೋ ತಿನ್ನಿಸುತ್ತಿದ್ದಳು. ನಾನು ತಲೆಯೆತ್ತಿ ಅದೇನೆಂದು ನೋಡಿದೆ. ಬರೀ ಬ್ರೆಡ್ಡು. ಊರ ತುಂಬ ಎಷ್ಟು ಫ್ರಿಜ್ಜುಗಳಲ್ಲಿ ಆ ಡಬ್ಬಿಗಳು ಕೂತಿವೆಯೋ, ನಗ್ಗದವು, ಮೂತಿ ನೆಟ್ಟಗಿರುವವು, ಎಂದು ಲೆಕ್ಕ ಹಾಕತೊಡಗಿದೆ.

ಇವರು ಬೂಟಿನಲ್ಲೇ ಓಡಿಬಂದರು. ಬಟ್ಟೆ ಇನ್ನೂ ಒದ್ದೆಯಿತ್ತು. ನನ್ನ ಹತ್ತಿರ ಬರಲು ಹೊರಟವರನ್ನು ಅತ್ತಿಗೆ ಬಾಗಿಲಲ್ಲೇ ತೋಳು ಹಿಡಿದು ನಿಲ್ಲಿಸಿದರು.

‘ಆ ಬಟ್ಟೇಲಿ ಒಳಗೆ ಹೋಗಬೇಡ.’

‘ಏನಾಗಿದೆ ಇವಳಿಗೆ? ಏನ್ ಸಿಕ್ತು ಅಕ್ಕ? ಮೋರೀಲಾ? ಮೋರೀಲಿ ಇದ್ರೆ ಇರಲಿ, ಡಬ್ಬಿಗೆ ಹೇಗೆ ಹೋಗುತ್ತೆ? ಮೋರಿಗೂ ಬೆಲ್ಟಿಗೂ ಏನು ಸಂಬಂಧ?’

ಅತ್ತಿಗೆ ತಮ್ಮನ ಅಂಗಿಯ ತೋಳನ್ನು ಬೆರಳಲ್ಲಿ ಹಿಡಿದು ಹಿಂಡಿದರು. ಎರಡು ಹನಿ ನೆಲಕ್ಕೆ ಬಿದ್ದವು. ಇವರು ಆ ಹನಿಗಳನ್ನೇ ನೋಡಿದರು. ನೋಡುತ್ತ ನೋಡುತ್ತ ಇವರ ಮುಖದ ರಕ್ತ ಇಳಿಯಿತು. ನಾನು ಮಂಚದ ಮೇಲಿಂದ ನೋಡುತ್ತಿದ್ದೆ. ಒಬ್ಬ ಮನುಷ್ಯನಿಗೆ ಹಾಗೆ ಅರ್ಥವಾಗುವುದನ್ನು ನೋಡಬಾರದು.

‘ನಾನು ಬರೀ ನೀರು ಹೊಡೆದೆ ಅಕ್ಕ,’ ಎಂದರು. ‘ಬರೀ ನೀರು.’

‘ಗೊತ್ತು ಕಣೋ.’

‘ನೀನು ಹೇಳಿದ ಮೇಲೆ ಇನ್ನೂ ಜಾಸ್ತಿ ಹೊಡೆದೆ.’

‘ಅದೂ ಗೊತ್ತು.’

ಆ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಮೂರನೇ ಪರೀಕ್ಷೆಯ ಫಲ ಬಂತು. ಯಾರಿಗೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ನನಗೆ ನೋವು ಶುರುವಾಗಿತ್ತು. ಏಳು ತಿಂಗಳು ತುಂಬಿರಲಿಲ್ಲ. ನಿಲ್ಲಿಸಲು ನೋಡಿದರು, ಆಗಲಿಲ್ಲ. ಮಗುವಿಗೆ ಆ ಜಾಗ ಬೇಡವಾಗಿತ್ತು, ಹೊರಗೆ ಬರಬೇಕೆಂದು ಹಟ ಹಿಡಿದಿತ್ತು. ನಾನು ಹಲ್ಲು ಕಚ್ಚಿ, ಅತ್ತಿಗೆಯ ಕೈಗೆ ಉಗುರು ಊರಿ ರಕ್ತ ಬರಿಸಿದೆ. ಬೇಕೆಂತಲೇ ಊರಿದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು. ಅಳು ಬೆಕ್ಕಿನ ಮರಿಯದಕ್ಕಿಂತ ಸಣ್ಣದು, ಆದರೆ ಅತ್ತಿತು, ನಾನು ಕೇಳಿದ್ದೇನೆ. ಮೈಮೇಲೆಲ್ಲ ರಾಗಿಕಾಳಿನಷ್ಟು ಬಿಳಿ ಗುಳ್ಳೆಗಳು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಳವೆಗಳನ್ನು ಸಿಕ್ಕಿಸಿದರು. ಮದ್ದು ಕೊಟ್ಟರು. ಎರಡು ದಿನ ಮುಂಚೆ ಬಂದಿದ್ದರೆ ಎಂದು ಕಿರಿಯ ಡಾಕ್ಟರು ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಇವರು ಬಟ್ಟೆ ಬದಲಿಸಿ, ಕೈ ತೊಳೆದು, ಪೆಟ್ಟಿಗೆಯ ಹೊರಗೆ ಗಾಜಿನ ಮೇಲೆ ಬೆರಳಿಟ್ಟು ನಿಂತರು. ನರ್ಸು ಒಳಗೆ ಕೈಹಾಕಿ ಮುಟ್ಟಬಹುದು ಎಂದಳು. ಇವರು ತಲೆಯಾಡಿಸಿದರು. ಎಷ್ಟು ಹೇಳಿದರೂ ಮುಟ್ಟಲಿಲ್ಲ. ನಾನು ಮುಟ್ಟಿದೆ. ನನ್ನ ಬೆರಳನ್ನು ಅದು ಹಿಡಿದುಕೊಂಡಿತ್ತು.

ಮರುದಿನ ಸಂಜೆ ಹಿಡಿತ ಬಿಟ್ಟಿತು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಹೋಗಲಿ, ನಿನಗೇನೂ ಆಗಲಿಲ್ಲವಲ್ಲ, ಅದೇ ದೊಡ್ಡದು ಎಂದರು. ರಕ್ತ ಪರೀಕ್ಷೆ ಮಾಡಿದ್ದರು, ಚೊಕ್ಕವಾಗಿತ್ತು. ಜ್ವರವಿರಲಿಲ್ಲ. ನಾಡಿ ಸರಿಯಾಗಿತ್ತು. ನನ್ನ ಮೈಯಷ್ಟು ಗಟ್ಟಿಯಾದ ಮೈ ಇಡೀ ವಾರ್ಡಿನಲ್ಲಿ ಇರಲಿಲ್ಲ. ಆ ಮೈಯ ಮೇಲೆ ನನಗೆ ಹುಟ್ಟಿದಷ್ಟು ಹೇಸಿಗೆ ಯಾರ ಮೇಲೂ ಹುಟ್ಟಲಿಲ್ಲ. ಗಂಡನ ಮೇಲೂ ಇಲ್ಲ, ಅತ್ತಿಗೆಯ ಮೇಲೂ ಇಲ್ಲ. ಒಳಗೆ ಅಷ್ಟೆಲ್ಲ ನಡೆದರೂ ಅದು ನನಗೊಂದು ಮಾತು ಹೇಳಲಿಲ್ಲ. ಹಾಯಾಗಿ ಉಂಡು, ಮಲಗಿ, ಪರದೆ ಹೊಲಿಯಿತು.

ಮನೆಗೆ ಹೋಗುವ ದಿನ ಬೆಳಿಗ್ಗೆ ಎದ್ದು ಕೂತೆ. ಎದೆ ಕಲ್ಲಾಗಿತ್ತು, ಬಿಸಿಯಾಗಿತ್ತು. ರವಿಕೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ಅತ್ತಿಗೆ ನೋಡಿ, ಮುಖ ತಿರುಗಿಸಿ, ಬಟ್ಟೆ ಹುಡುಕಲು ಹೋದರು. ನರ್ಸು ಬಂದು ತಣ್ಣೀರಿನ ಪಟ್ಟಿ ಇಟ್ಟು, ಬಿಗಿಯಾಗಿ ಕಟ್ಟುತ್ತ, ‘ಇದು ಹೀಗೇ ಅಮ್ಮ, ಹಾಲು ಬಂದಿದೆ. ಕೆಲವು ದಿನ ಬರುತ್ತೆ. ಮೈಗೆ ಗೊತ್ತಾಗಲ್ಲ, ನೋಡಿ’ ಎಂದಳು.